ಎಣ್ಣೆಗೆ ಬೆಲೆ ಕಟ್ಟಿದ ಕಾನೂನು, ಬೆಳೆಗೆ ಯಾಕಿಲ್ಲ?



ನಿಮ್ಮ ಪಹಣಿಯನ್ನು ಒಮ್ಮೆ ಪೆಟ್ಟಿಗೆಯಿಂದ ಹೊರಗೆ ತೆಗೆದು ನೋಡಿ. ಸರ್ವೆ ನಂಬರು ಇದೆ. ಎಕರೆ, ಗುಂಟೆ ಇದೆ. ಖರಾಬು ಇದೆ, ಕಂದಾಯ ಇದೆ. ಸಾಲವಿದ್ದರೆ ಅದೂ 11ನೇ ಕಾಲಂನಲ್ಲಿ ತಪ್ಪದೆ ಬಂದು ಕೂತಿದೆ. ಉದ್ದ ಅಗಲಗಳನ್ನೆಲ್ಲ ಲೆಕ್ಕ ಹಾಕಿದ ಸರ್ಕಾರ ಒಂದನ್ನು ಮಾತ್ರ ಬರೆದಿಲ್ಲ. ನಿಮ್ಮ ಜಮೀನಿನ ಆಳ ಎಷ್ಟು? ನೇಗಿಲು ಇಳಿಯುವಷ್ಟೋ, ಬೋರು ಇಳಿಯುವಷ್ಟೋ, ಪಾತಾಳದವರೆಗೋ?

ತಮಾಷೆಯ ಪ್ರಶ್ನೆ ಅಂತ ನಗಬೇಡಿ. ಅಮೆರಿಕದ ಟೆಕ್ಸಾಸ್ ರಾಜ್ಯದ ರೈತರು ಈ ಒಂದು ಪ್ರಶ್ನೆ ಹಿಡಿದು ನೂರು ವರ್ಷಕ್ಕೂ ಹೆಚ್ಚು ಕಾಲ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದಿದ್ದಾರೆ. ಕೆಲವರು ರಾತ್ರಿ ಬೆಳಗಾಗುವುದರೊಳಗೆ ಸಾಹುಕಾರರಾದರು. ಇನ್ನು ಕೆಲವರು ತಮ್ಮದೇ ಹೊಲದ ಬದುವಿನ ಮೇಲೆ ನಿಂತು, ತಮ್ಮದಲ್ಲದ ಎಣ್ಣೆ ಹೊರಗೆ ಹೋಗುವುದನ್ನು ನೋಡುತ್ತಾ ಉಳಿದರು. ಇಬ್ಬರೂ ಒಂದೇ ರೀತಿ ಬೆವರು ಸುರಿಸಿದವರೇ. ವ್ಯತ್ಯಾಸ ಇದ್ದದ್ದು ಕಾಗದದಲ್ಲಿ.

ಕಬ್ಬಿನ ಬಾಕಿ, ಭತ್ತದ ಬೆಲೆ, ಬ್ಯಾಂಕಿನ ನೋಟೀಸು ಇವನ್ನೆಲ್ಲ ಬಿಟ್ಟು ಈ ತಿಂಗಳು ಸಂಪಾದಕರಿಗೆ ಎಣ್ಣೆಯ ಹುಚ್ಚು ಯಾಕೆ ಹಿಡೀತು ಎಂದು ನೀವು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಟೆಕ್ಸಾಸಿನ ಎಣ್ಣೆಯ ಕಥೆ ಮೊದಲಿನಿಂದ ಕೊನೆಯವರೆಗೆ ಬೆಲೆಯ ಕಥೆ. 1931ರಲ್ಲಿ ಅಲ್ಲಿ ಒಂದು ಬ್ಯಾರೆಲ್, ಅಂದರೆ ಸುಮಾರು 159 ಲೀಟರ್ ಕಚ್ಚಾ ಎಣ್ಣೆಯ ಬೆಲೆ 10 ಸೆಂಟಿಗೆ ಬಿದ್ದಿತ್ತು. ನಾಲ್ಕು ವರ್ಷದೊಳಗೆ ಅದೇ ಎಣ್ಣೆ ಒಂದು ಡಾಲರಿನ ಆಸುಪಾಸಿಗೆ ಏರಿ ನಿಂತಿತು. ಆ ಬೆಲೆಯನ್ನು ದೇವರು ಕೊಡಲಿಲ್ಲ, ಸಂತೆಯೂ ಕೊಡಲಿಲ್ಲ. ಕಾನೂನು ಕೊಟ್ಟಿತು. ಬೆಲೆ ಎಂಬುದು ಮಳೆ ಗಾಳಿಯಂತೆ ಮನುಷ್ಯನ ಕೈಮೀರಿದ್ದು, ಬೇಡಿಕೆ ಪೂರೈಕೆ ತಾನಾಗಿ ಮಾಡುವ ಕೆಲಸ ಎಂದು ನಮಗೆ ಪಾಠ ಹೇಳುವ ಪಂಡಿತರಿಗೆ ಈ ಕಥೆಯನ್ನು ಒಮ್ಮೆ ಹೇಳಬೇಕಾಗಿದೆ.

ಮಣ್ಣಿನ ಒಡೆಯ, ಮಣ್ಣಡಿಯ ಒಡೆಯ

ಟೆಕ್ಸಾಸ್ ಮೊದಲು ಸ್ಪೇನಿನ ದೊರೆಗಳ ಕೈಯಲ್ಲಿತ್ತು. ಭೂಮಿ ಯಾರದೇ ಆಗಲಿ, ಅದರ ಒಳಗಿನ ಖನಿಜ ರಾಜನದು ಎಂಬುದು ಸ್ಪೇನಿನ ಕಾನೂನು. ಆಮೇಲೆ ಆ ನಾಡು ಮೆಕ್ಸಿಕೋಗೆ ಸೇರಿತು, 1836ರಲ್ಲಿ ಸ್ವತಂತ್ರವಾಯಿತು, 1845ರಲ್ಲಿ ಅಮೆರಿಕದೊಳಗೆ ಸೇರಿತು. ರಾಜ ಹೋದರೂ ರಾಜನ ಕಾನೂನು ಉಳಿದಿತ್ತು. 1866ರಲ್ಲಿ ಬರೆದ ರಾಜ್ಯ ಸಂವಿಧಾನದಲ್ಲಿ ಟೆಕ್ಸಾಸ್ ಜನ ಅದನ್ನು ತೆಗೆದು ಹಾಕಿದರು. ಮಣ್ಣಿನ ಒಡೆಯನೇ ಮಣ್ಣಡಿಯ ಖನಿಜಕ್ಕೂ ಒಡೆಯ ಎಂದು ಬರೆದುಕೊಂಡರು. 1876ರ ಸಂವಿಧಾನ ಅದನ್ನೇ ಗಟ್ಟಿಮಾಡಿತು. ಆಗ ಎಣ್ಣೆಯ ಮಾತೇ ಇರಲಿಲ್ಲ. ದಕ್ಷಿಣದ ಒಂದು ಉಪ್ಪಿನ ಕೆರೆ ಯಾರದು ಎಂಬ ಜಗಳದಿಂದ ಹುಟ್ಟಿದ ಕಲಂ ಅದು.

ಭೇಷ್, ರೈತ ಪಾತಾಳದವರೆಗೆ ಒಡೆಯನಾದ ಅಂತ ಸಂತೋಷಪಡುವ ಮೊದಲು ಮುಂದಿನದನ್ನೂ ಕೇಳಿ. ಒಡೆತನ ಅಂದ ಮೇಲೆ ಮಾರುವ ಹಕ್ಕೂ ಇರುತ್ತದೆ. ಟೆಕ್ಸಾಸಿನಲ್ಲಿ ಮೇಲಿನ ಮಣ್ಣನ್ನು ಇಟ್ಟುಕೊಂಡು ಕೆಳಗಿನ ಖನಿಜವನ್ನು ಮಾತ್ರ ಮಾರಬಹುದು. ಮಣ್ಣು ಮಾರಿ ಖನಿಜ ಉಳಿಸಿಕೊಳ್ಳಲೂಬಹುದು. ಹೀಗೆ ಒಂದೇ ಹೊಲಕ್ಕೆ ಇಬ್ಬರು ಯಜಮಾನರಾದರು. ಇಬ್ಬರೊಳಗೆ ದೊಡ್ಡ ಯಜಮಾನ ಯಾರು? ಕೆಳಗಿನವನು ಎಂದಿತು ಕೋರ್ಟು. ಕೆಳಗಿನ ಎಣ್ಣೆ ತೆಗೆಯಲು ಮೇಲಿನ ಹೊಲದಲ್ಲಿ ರಸ್ತೆ ಹಾಕಬಹುದು, ಗುಂಡಿ ತೋಡಬಹುದು, ಯಂತ್ರ ನಿಲ್ಲಿಸಬಹುದು. ಎಣ್ಣೆ ತೆಗೆಯಲು ಎಷ್ಟು ಬೇಕೋ ಅಷ್ಟು ಮಣ್ಣು ಬಳಸಿದರೆ ಮೇಲಿನವನು ಕೇಳುವ ಹಾಗಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವಲ್ಲ, ಅಲ್ಲಿ ಮೇಯುವುದಕ್ಕೇ ಕಾನೂನಿನ ಪರವಾನಗಿ ಇತ್ತು.

ಖನಿಜವನ್ನು ಯಾರು ಮಾರಿದರು? ಸಾಲಗಾರ ರೈತ ಮಾರಿದ. ಹತ್ತಿಯ ಬೆಲೆ ನೆಲಕಚ್ಚಿದ ವರ್ಷ, ಬಿತ್ತನೆಗೆ ದುಡ್ಡಿಲ್ಲದ ವರ್ಷ, ಕಣ್ಣಿಗೆ ಕಾಣದ ಎಣ್ಣೆಯ ಹಕ್ಕನ್ನು ಕೈಗೆ ಸಿಕ್ಕ ದುಡ್ಡಿಗೆ ಬರೆದುಕೊಟ್ಟ. 1930ರ ದಶಕದಲ್ಲಿ ಸಾಲಕ್ಕಾಗಿ ರೈತರ ಜಮೀನು ವಶಪಡಿಸಿಕೊಂಡ ಅಮೆರಿಕದ ಫೆಡರಲ್ ಭೂಬ್ಯಾಂಕುಗಳು ಆ ಜಮೀನನ್ನು ಮತ್ತೆ ಮಾರುವಾಗ ಅನೇಕ ಕಡೆ ಖನಿಜದ ಒಂದು ಪಾಲನ್ನು ತಮಗೇ ಉಳಿಸಿಕೊಂಡವು. ಸಾಲ ತೀರಿದ ಮೇಲೂ ಸಾಲ ಕೊಟ್ಟವನ ಹಕ್ಕು ಮಣ್ಣಡಿಯಲ್ಲಿ ಬೇರು ಬಿಟ್ಟು ಕೂತಿತ್ತು.

ಹಿಡಿದವನದೇ ಬೇಟೆ

ಇನ್ನೊಂದು ಮೊಕದ್ದಮೆ ಹೇಳುತ್ತೇವೆ. ಇದು ನಿಮಗೆ ತೀರಾ ಪರಿಚಯದ್ದೆನಿಸೀತು. ಟೆಕ್ಸಾಸಿನ ಡೆನಿಸನ್ ಊರಿನಲ್ಲಿ ಈಸ್ಟ್ ಎಂಬವನ ಮನೆಯ ಬಳಿ ಒಂದು ಸಣ್ಣ ಬಾವಿ ಇತ್ತು. ಪಕ್ಕದಲ್ಲಿ ರೈಲು ಕಂಪನಿ ತನ್ನ ಜಾಗದಲ್ಲಿ 20 ಅಡಿ ಅಗಲ, 66 ಅಡಿ ಆಳದ ಬಾವಿ ತೋಡಿತು. ಎಂಜಿನ್ನುಗಳಿಗೆಂದು ದಿನಕ್ಕೆ 25,000 ಗ್ಯಾಲನ್ ನೀರು ಎಳೆಯಿತು. ಈಸ್ಟನ ಬಾವಿ ಒಣಗಿತು. ಅವನು ಕೋರ್ಟಿಗೆ ಹೋದ. 1904ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟು ರೈಲು ಕಂಪನಿಯ ಪರ ತೀರ್ಪು ಕೊಟ್ಟಿತು. ತನ್ನ ನೆಲದಲ್ಲಿ ತೋಡಿ ತೆಗೆದ ನೀರು ತೆಗೆದವನದು, ಪಕ್ಕದವನ ಬಾವಿ ಬತ್ತಿದರೆ ಕಾನೂನು ಏನೂ ಮಾಡಲಾರದು ಎಂಬುದು ಅದರ ಸಾರ.

ಈ ನ್ಯಾಯ ಬಂದದ್ದು 1843ರ ಒಂದು ಇಂಗ್ಲಿಷ್ ತೀರ್ಪಿನಿಂದ. ಅದೇ ಇಂಗ್ಲಿಷ್ ಬೀಜ ನಮ್ಮಲ್ಲೂ ಬಿದ್ದಿದೆ. ಬ್ರಿಟಿಷರು 1882ರಲ್ಲಿ ಮಾಡಿದ ಈಸ್‌ಮೆಂಟ್ ಕಾಯ್ದೆಯಲ್ಲಿ ತನ್ನ ನೆಲದಡಿಯ ನೀರನ್ನು ತೆಗೆಯುವ ಹಕ್ಕು ಪ್ರತಿ ಒಡೆಯನಿಗೂ ಉಂಟು ಎಂದು ಬರೆದರು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಬಯಲುಸೀಮೆಯಲ್ಲಿ ಒಬ್ಬ 300 ಅಡಿಗೆ ಬೋರು ಹಾಕಿದರೆ ಪಕ್ಕದವನು 600 ಅಡಿಗೆ ಹಾಕುತ್ತಾನೆ, ಅವನ ಪಕ್ಕದವನು ಸಾವಿರ ಅಡಿಗೆ. ಮೂವರೂ ಸಾಲಗಾರರು. ನೀರು ಮಾತ್ರ ಯಾರಿಗೂ ಇಲ್ಲ.

ಟೆಕ್ಸಾಸಿನಲ್ಲಿ ಎಣ್ಣೆಗೂ ಇದೇ ನ್ಯಾಯ ಅಂಟಿತು. ಎಣ್ಣೆ ಕಾಡುಪ್ರಾಣಿಯಂತೆ ನೆಲದಡಿ ಓಡಾಡುತ್ತದೆ, ಹಿಡಿದವನದೇ ಬೇಟೆ ಎಂದು ಪೆನ್ಸಿಲ್ವೇನಿಯಾದ ಕೋರ್ಟು 1889ರಲ್ಲೇ ಹೇಳಿತ್ತು. ಇದರ ಅರ್ಥ ಏನು? ಪಕ್ಕದವನು ಬಾವಿ ಕೊರೆದರೆ ನೀವೂ ಇವತ್ತೇ ಕೊರೆಯಬೇಕು. ನಾಳೆ ಅಂದರೆ ನಿಮ್ಮ ಎಣ್ಣೆ ಅವನ ಬಾವಿಯಲ್ಲಿ ಬರುತ್ತದೆ.

1901ರ ಜನವರಿ 10ರಂದು ಬೋಮಾಂಟ್ ಊರಿನ ಹತ್ತಿರ ಸ್ಪಿಂಡಲ್‌ಟಾಪ್ ದಿಬ್ಬದಲ್ಲಿ ಎಣ್ಣೆ ಚಿಮ್ಮಿತು. ದಿನಕ್ಕೆ ಒಂದು ಲಕ್ಷ ಬ್ಯಾರೆಲ್ ಎಂದು ಆಗ ಅಂದಾಜು ಮಾಡಿದರು. ಒಂಬತ್ತು ದಿನ ಅದನ್ನು ಮುಚ್ಚಲು ಆಗಲಿಲ್ಲ. ಜನ ಮುಗಿಬಿದ್ದರು, ಒಬ್ಬರ ಮೈಗೆ ಒಬ್ಬರು ಅಂಟಿಕೊಂಡಂತೆ ಬಾವಿ ಕೊರೆದರು. ಒಂದು ಬ್ಯಾರೆಲ್ ಎಣ್ಣೆ 3 ಸೆಂಟಿಗೆ ಬಂತು. ಅದೇ ಊರಿನಲ್ಲಿ ಒಂದು ಲೋಟ ಕುಡಿಯುವ ನೀರು 5 ಸೆಂಟಿಗೆ ಮಾರಾಟವಾಯಿತಂತೆ. ಮೂರು ವರ್ಷ ಕಳೆಯುವುದರೊಳಗೆ ದಿಬ್ಬದ ಒತ್ತಡ ಇಳಿದು ದಿನಕ್ಕೆ ಸುಮಾರು 10,000 ಬ್ಯಾರೆಲ್ ಮಾತ್ರ ಬರತೊಡಗಿತು. ಬೆಲೆಯೂ ಹೋಯಿತು, ಎಣ್ಣೆಯೂ ಹೋಯಿತು.

ಟೊಮ್ಯಾಟೊ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬನಾಗಿ ನೋಡಿದರೆ ಎಲ್ಲರೂ ಬುದ್ಧಿವಂತರು. ಒಟ್ಟಾಗಿ ನೋಡಿದರೆ ಎಲ್ಲರೂ ಸೇರಿ ತಮ್ಮ ಕೊರಳನ್ನು ತಾವೇ ಕುಯ್ದುಕೊಂಡವರು.

ರೈತರು ಹುಟ್ಟಿಸಿದ ಕಮಿಷನ್

ಈಗ ಬರುತ್ತದೆ ನೋಡಿ ಕಥೆಯ ಮುಖ್ಯ ಭಾಗ. ಟೆಕ್ಸಾಸಿನ ಎಣ್ಣೆಯನ್ನು ಹದ್ದುಬಸ್ತಿಗೆ ತಂದ ಸಂಸ್ಥೆಯ ಹೆಸರು ರೈಲ್‌ರೋಡ್ ಕಮಿಷನ್. ಎಣ್ಣೆಗೂ ರೈಲಿಗೂ ಏನು ಸಂಬಂಧ? 1880ರ ದಶಕದಲ್ಲಿ ಟೆಕ್ಸಾಸಿನ ಹತ್ತಿ ಬೆಳೆಗಾರರು ರೈಲು ಕಂಪನಿಗಳ ಸಾಗಾಣಿಕೆ ದರದಿಂದ ಕಂಗೆಟ್ಟಿದ್ದರು. ಫಾರ್ಮರ್ಸ್ ಅಲಯನ್ಸ್ ಎಂಬ ರೈತರ ಒಕ್ಕೂಟ ಹುಟ್ಟಿದ್ದೇ ಟೆಕ್ಸಾಸಿನಲ್ಲಿ. ಸಾಲ, ಸಾಗಾಣಿಕೆ, ದಲ್ಲಾಳಿ ಈ ಮೂರರ ವಿರುದ್ಧ ಅದು ಎದ್ದು ನಿಂತಿತ್ತು. 1890ರಲ್ಲಿ ರೈತರ ಬೆಂಬಲದಿಂದ ಜಿಮ್ ಹಾಗ್ ಗವರ್ನರ್ ಆಗಿ ಆರಿಸಿ ಬಂದ. 1891ರಲ್ಲಿ ರೈಲು ದರ ನಿಗದಿ ಮಾಡುವ ಈ ಕಮಿಷನ್ ಹುಟ್ಟಿತು. ಮುಂದೆ 1917ರಲ್ಲಿ ಎಣ್ಣೆ ಕೊಳವೆಗಳ ಮೇಲ್ವಿಚಾರಣೆಯನ್ನೂ 1919ರಲ್ಲಿ ಎಣ್ಣೆ ಬಾವಿಗಳ ಮೇಲ್ವಿಚಾರಣೆಯನ್ನೂ ಇದರ ಕೈಗೇ ಕೊಟ್ಟರು. ಒಂದು ಬಾವಿಯಿಂದ ಇನ್ನೊಂದಕ್ಕೆ 300 ಅಡಿ, ಪಕ್ಕದವನ ಗಡಿಯಿಂದ 150 ಅಡಿ ಅಂತರ ಇರಬೇಕು ಎಂದು 1919ರಲ್ಲಿ ನಿಯಮವಾಯಿತು. ಅದಕ್ಕೆ 37ನೇ ನಿಯಮ ಎಂದು ಹೆಸರು. ತುಂಡು ಹಿಡುವಳಿಯವನ ಪಾಲು ಮುಳುಗಬಾರದೆಂದು ಅವನಿಗೆ ವಿನಾಯಿತಿಯನ್ನೂ ಇಟ್ಟರು.

1930ರ ಅಕ್ಟೋಬರ್‌ನಲ್ಲಿ ಪೂರ್ವ ಟೆಕ್ಸಾಸಿನ ರಸ್ಕ್ ಜಿಲ್ಲೆಯಲ್ಲಿ ಡೇಸಿ ಬ್ರಾಡ್‌ಫರ್ಡ್ ಎಂಬ ವಿಧವೆಯ ಹೊಲದಲ್ಲಿ ಜಾಯ್ನರ್ ಎಂಬ ಮುದುಕ ಕೊರೆದ ಮೂರನೇ ಬಾವಿಯಲ್ಲಿ ಎಣ್ಣೆ ಬಂತು. ಸುಮಾರು 45 ಮೈಲಿ ಉದ್ದ, 1,40,000 ಎಕರೆಯ ಎಣ್ಣೆ ಪ್ರದೇಶ ಅದು. ಹತ್ತಿ, ಜೋಳ ಬೆಳೆಯುತ್ತಿದ್ದ ಸಣ್ಣ ಹಿಡುವಳಿಗಳ ನಾಡು. ಕಿಲ್‌ಗೋರ್ ಊರಿನಲ್ಲಿ ಎಕರೆಗಿಂತ ಸ್ವಲ್ಪ ದೊಡ್ಡ ಜಾಗದಲ್ಲಿ 24 ಬಾವಿ ಎದ್ದವು ಎಂದರೆ ಉಳಿದದ್ದನ್ನು ನೀವೇ ಊಹಿಸಿ. 1931ರ ಆಗಸ್ಟ್ ಹೊತ್ತಿಗೆ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್‌ನ ಹತ್ತಿರ ಹತ್ತಿರ ಎಣ್ಣೆ ಬರುತ್ತಿತ್ತು. ಬೆಲೆ 10 ಸೆಂಟಿಗೆ ಇಳಿಯಿತು.

ಕಮಿಷನ್ ಉತ್ಪಾದನೆಗೆ ಮಿತಿ ಹಾಕಲು ಹೋಯಿತು. ಬೆಲೆ ಎತ್ತುವುದು ನಿಮ್ಮ ಕೆಲಸವಲ್ಲ, ಎಣ್ಣೆ ಪೋಲಾಗುವುದನ್ನು ತಡೆಯುವಷ್ಟೇ ನಿಮ್ಮ ಅಧಿಕಾರ ಎಂದು 1931ರ ಜುಲೈನಲ್ಲಿ ಫೆಡರಲ್ ಕೋರ್ಟು ಆ ಆದೇಶವನ್ನು ಹೊಡೆದು ಹಾಕಿತು. ಆಗಸ್ಟ್ 17ರಂದು ಗವರ್ನರ್ ರಾಸ್ ಸ್ಟರ್ಲಿಂಗ್ ಮಿಲಿಟರಿ ಕಾನೂನು ಜಾರಿ ಮಾಡಿ, ಸಾವಿರಕ್ಕೂ ಹೆಚ್ಚು ಸಿಪಾಯಿಗಳನ್ನು ಕಳಿಸಿ ಬಾವಿಗಳನ್ನು ಮುಚ್ಚಿಸಿದ. ಬೆಲೆ ಬಿತ್ತೆಂದು ಸೈನ್ಯ ಕರೆಸಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಮ್ಮಲ್ಲಿ ಬೆಲೆ ಬಿತ್ತೆಂದು ರಸ್ತೆಗಿಳಿದವರ ಮೇಲೆ ಪೊಲೀಸರನ್ನು ಕಳಿಸಿದ್ದನ್ನು ಮಾತ್ರ ಕಂಡಿದ್ದೇವೆ.

ಸ್ಟರ್ಲಿಂಗ್ ಯಾರು ಎಂಬುದನ್ನೂ ಮರೆಯಬೇಡಿ. ಅವನು ಒಂದು ದೊಡ್ಡ ಎಣ್ಣೆ ಕಂಪನಿಯ ಸ್ಥಾಪಕರಲ್ಲಿ ಒಬ್ಬ, ಅದರ ಅಧ್ಯಕ್ಷನಾಗಿದ್ದವನು. ಸಿಪಾಯಿಗಳ ಮುಂದಾಳು ಇನ್ನೊಂದು ಎಣ್ಣೆ ಕಂಪನಿಯ ವಕೀಲ. ಬೆಲೆ ನಿಲ್ಲಬೇಕೆಂಬುದು ದೊಡ್ಡವರ ಆಸೆ. ಸಣ್ಣ ಬಾವಿಯವನಿಗೂ ಬಡ್ಡಿ ಕಟ್ಟಬೇಕಾಗಿದ್ದವನಿಗೂ ಇವತ್ತೇ ಎಣ್ಣೆ ಬಂದು ಇವತ್ತೇ ದುಡ್ಡಾಗಬೇಕಿತ್ತು. ರಾತ್ರಿ ಹೊತ್ತು ಮಿತಿ ಮೀರಿ ತೆಗೆದು ಸಾಗಿಸಿದ ಎಣ್ಣೆಗೆ ಅಲ್ಲಿಯವರು 'ಬಿಸಿ ಎಣ್ಣೆ' ಎಂದು ಹೆಸರಿಟ್ಟರು. ಸಾಲದಲ್ಲಿ ಮುಳುಗಿದವನಿಗೆ ಕಾಯುವ ತಾಕತ್ತು ಇರುವುದಿಲ್ಲ. ಸುಗ್ಗಿಯಲ್ಲೇ ರಾಗಿ ಮಾರುವ ನಮ್ಮ ರೈತನನ್ನು ಕೇಳಿ, ಅವನು ಹೇಳುತ್ತಾನೆ.

1932ರ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಮಿಲಿಟರಿ ಕ್ರಮ ತಪ್ಪು ಎಂದಿತು. ಆದರೆ ಅದಕ್ಕೆ ಒಂದು ತಿಂಗಳು ಮೊದಲೇ ಟೆಕ್ಸಾಸ್ ಶಾಸನ ಸಭೆ ಹೊಸ ಕಾಯ್ದೆ ಮಾಡಿತ್ತು. ಮಾರುಕಟ್ಟೆಗೆ ಎಷ್ಟು ಬೇಕೋ ಅಷ್ಟೇ ಎಣ್ಣೆ ತೆಗೆಯಬೇಕು, ತಿಂಗಳು ತಿಂಗಳೂ ಆ ಲೆಕ್ಕ ಹಾಕಿ ಪ್ರತಿ ಬಾವಿಗೆ ಇಷ್ಟು ಎಂದು ಹಂಚುವ ಅಧಿಕಾರ ಕಮಿಷನ್ನಿಗೆ ಉಂಟು ಎಂಬುದು ಕಾಯ್ದೆಯ ತಿರುಳು. 1935ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕಾನಲಿ ಕಾಯ್ದೆ ತಂದು, ಮಿತಿ ಮೀರಿ ತೆಗೆದ ಎಣ್ಣೆ ರಾಜ್ಯದ ಗಡಿ ದಾಟದಂತೆ ಬಾಗಿಲು ಹಾಕಿತು. ಬೆಲೆ ನಿಂತಿತು. ಹತ್ತಿರ ಹತ್ತಿರ ನಲವತ್ತು ವರ್ಷ, 1972ರ ಮಾರ್ಚ್‌ನಲ್ಲಿ ನೂರಕ್ಕೆ ನೂರು ತೆಗೆಯಬಹುದು ಎನ್ನುವವರೆಗೂ, ಟೆಕ್ಸಾಸಿನ ಈ ಮೂವರು ಸದಸ್ಯರ ಕಮಿಷನ್ ಎಣ್ಣೆಯ ನಲ್ಲಿ ತಿರುಗಿಸುತ್ತಾ ಕೂತಿತ್ತು.

1960ರಲ್ಲಿ ಬಾಗ್ದಾದಿನಲ್ಲಿ ಎಣ್ಣೆ ದೇಶಗಳು ಒಪೆಕ್ ಕಟ್ಟಿಕೊಂಡಾಗ ಅದರ ಹಿಂದಿದ್ದ ವೆನೆಜುವೆಲಾದ ಮಂತ್ರಿ ಪೆರೆಸ್ ಅಲ್ಫೊನ್ಸೊ ಈ ಟೆಕ್ಸಾಸ್ ಪದ್ಧತಿಯನ್ನು ಕೂತು ಅಭ್ಯಾಸ ಮಾಡಿದ್ದವನು. 1973ರ ಕೊನೆಗೆ ಆ ದೇಶಗಳು ನಲ್ಲಿ ತಿರುಗಿಸಿದವು. ಮೂರು ಡಾಲರಿನ ಆಸುಪಾಸಿನಲ್ಲಿದ್ದ ಬ್ಯಾರೆಲ್ 1974ರ ಜನವರಿಗೆ ಹನ್ನೊಂದು ಡಾಲರ್ ದಾಟಿತು. ಆ ವರ್ಷ ನಮ್ಮ ಯೂರಿಯಾ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾದದ್ದು ಹಿರಿಯರಿಗೆ ನೆನಪಿರಬೇಕು. ಹತ್ತಿ ಸಾಗಿಸುವ ರೈಲಿನ ದರಕ್ಕಾಗಿ ಅಲ್ಲಿನ ರೈತರು ಹುಟ್ಟಿಸಿದ ಕೂಸು ಬೆಳೆದು, ಕೊನೆಗೆ ನಮ್ಮ ಗೊಬ್ಬರದ ಚೀಲದವರೆಗೆ ಬಂತು. ಎಣ್ಣೆಗೆ ಕಾವಲು ಸಿಕ್ಕಿತು, ಬೆಳೆಗೆ ಸಿಗಲಿಲ್ಲ. ಅದೇ ಅಮೆರಿಕ 1933ರಲ್ಲಿ ಹತ್ತಿಯ ಬೆಲೆ ನಿಲ್ಲಿಸಲು ಮಾಡಿದ ಕೃಷಿ ಕಾಯ್ದೆಯನ್ನು ಸುಪ್ರೀಂ ಕೋರ್ಟು 1936ರಲ್ಲಿ ರದ್ದು ಮಾಡಿತು. ಬೇರೆ ರೂಪದಲ್ಲಿ ಅದನ್ನು ಮತ್ತೆ ತರಬೇಕಾಯಿತು.

ಎಣ್ಣೆಯೂ ಬೆಳೆಯೂ ಒಂದೇ ಅಲ್ಲ ಎಂದು ನೀವು ಹೇಳಬಹುದು. ನಿಜ. ನಲ್ಲಿ ಮುಚ್ಚಿದರೆ ಎಣ್ಣೆ ನೆಲದೊಳಗೇ ಇರುತ್ತದೆ, ಹಣ್ಣಾದ ಟೊಮ್ಯಾಟೊ ಗಿಡದಲ್ಲಿ ಇರುವುದಿಲ್ಲ. ಎಣ್ಣೆ ತಿನ್ನುವ ವಸ್ತುವಲ್ಲ, ಅನ್ನಕ್ಕೆ ಮಿತಿ ಹಾಕಿದರೆ ಬಡವನ ಹೊಟ್ಟೆಗೆ ಬೀಳುತ್ತದೆ. ಟೆಕ್ಸಾಸನ್ನು ಹಾಗೇ ನಕಲು ಮಾಡಿ ಎಂದು ನಾವು ಹೇಳುತ್ತಿಲ್ಲ. ಬೆಲೆ ಕುಸಿದಾಗ ಕಾನೂನು ಮಧ್ಯೆ ಬರಬಹುದು, ಬಂದಿದೆ, ನಿಂತಿದೆ. ಬರಲಾಗದು ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಇಷ್ಟೇ ನಮ್ಮ ಮಾತು.

ಕಾಗದದ ಒಂದು ಸಾಲು

ಬೆಲೆ ನಿಂತರೆ ರೈತನ ಕಷ್ಟ ತೀರಿತೇ? ಇಲ್ಲ. ಆ ಬೆಲೆಯಲ್ಲಿ ಅವನ ಕೈಗೆ ಎಷ್ಟು ಬರುತ್ತದೆ ಎಂಬುದು ಎರಡನೆಯ ಜಗಳ. ಟೆಕ್ಸಾಸಿನಲ್ಲಿ ಎಣ್ಣೆ ಕಂಪನಿಗೆ ಗುತ್ತಿಗೆ ಬರೆದುಕೊಟ್ಟ ರೈತನಿಗೆ ಹಳೆಯ ವಾಡಿಕೆಯಂತೆ ಎಂಟರಲ್ಲಿ ಒಂದು ಪಾಲು ರಾಜಧನ. ಯಾವ ಬೆಲೆಯ ಎಂಟರಲ್ಲಿ ಒಂದು? ಅಲ್ಲಿದೆ ಗುಟ್ಟು.

1933ರಲ್ಲಿ ಗುತ್ತಿಗೆ ಬರೆದುಕೊಟ್ಟ ವೇಲಾ ಮನೆತನದ ಕಥೆ ಕೇಳಿ. ಕಂಪನಿ 1935ರಲ್ಲಿ ಗ್ಯಾಸನ್ನು ಸಾವಿರ ಘನ ಅಡಿಗೆ 2.3 ಸೆಂಟಿನಂತೆ, ಬಾವಿ ಇರುವವರೆಗೂ ಎಂದು ಮಾರಾಟದ ಒಪ್ಪಂದ ಮಾಡಿಕೊಂಡಿತು. ವರ್ಷಗಳು ಕಳೆದು ಮಾರುಕಟ್ಟೆ ದರ 13 ಸೆಂಟಿಗೆ ಏರಿದರೂ ಮನೆಯವರಿಗೆ ಲೆಕ್ಕ ಹಾಕುತ್ತಿದ್ದದ್ದು 2.3 ಸೆಂಟಿನ ಮೇಲೆ. ಅವರು ಕೋರ್ಟಿಗೆ ಹೋದರು. ಗುತ್ತಿಗೆ ಪತ್ರದಲ್ಲಿ 'ಮಾರುಕಟ್ಟೆ ಬೆಲೆ' ಎಂಬ ಮಾತಿತ್ತು. ಕಂಪನಿ ಯಾರೊಂದಿಗೆ ಎಷ್ಟಕ್ಕೆ ಒಪ್ಪಿಕೊಂಡಿತೋ ಅದು ಅದರ ಹಣೆಬರಹ, ರೈತನಿಗೆ ಮಾರುಕಟ್ಟೆ ಬೆಲೆಯ ಪಾಲೇ ಸಲ್ಲಬೇಕು ಎಂದು 1968ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟು ಹೇಳಿತು. ಒಂದು ಮಾತು ಆ ಮನೆಯನ್ನು ಉಳಿಸಿತು.

ಅದೇ ಕೋರ್ಟು 1996ರಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ ತದ್ವಿರುದ್ಧ ಅನುಭವ ಕೊಟ್ಟಿತು. ಆ ಗುತ್ತಿಗೆ ಪತ್ರದಲ್ಲಿ ಸಾಗಾಣಿಕೆ, ಸಂಸ್ಕರಣೆ ಖರ್ಚನ್ನು ರಾಜಧನದಲ್ಲಿ ಮುರಿದುಕೊಳ್ಳಬಾರದು ಎಂದು ಸ್ಪಷ್ಟವಾಗಿ ಬರೆದಿತ್ತು. ಆದರೆ ಅದೇ ಪತ್ರದಲ್ಲಿ ರಾಜಧನ 'ಬಾವಿಯ ಬಾಯಲ್ಲಿನ ಮಾರುಕಟ್ಟೆ ಬೆಲೆ'ಯ ಮೇಲೆ ಎಂದೂ ಇತ್ತು. ಬಾವಿಯ ಬಾಯಿ ಎಂದ ಮೇಲೆ, ದೂರದ ಪೇಟೆಯ ಬೆಲೆಯಿಂದ ಸಾಗಾಣಿಕೆ ಕಳೆದೇ ಲೆಕ್ಕ ಹಾಕಬೇಕು, ಮುರಿಯಬಾರದು ಎಂಬ ಸಾಲಿಗೆ ಅರ್ಥವೇ ಇಲ್ಲ ಎಂದಿತು ಕೋರ್ಟು. ಕಣದ ಬೆಲೆ ಬೇರೆ, ಮಂಡಿಯ ಬೆಲೆ ಬೇರೆ. ನಡುವೆ ಹಮಾಲಿ, ತೂಕ, ದಲ್ಲಾಳಿ, ಬಾಡಿಗೆ. ಬಿಳಿಚೀಟಿ ಕೈಗೆ ಬಂದಾಗ ನಮ್ಮ ರೈತನಿಗೆ ಆಗುವ ಅನುಭವವೇ ಟೆಕ್ಸಾಸಿನ ಒಡೆಯನಿಗೂ ಆಯಿತು. ಅವನ ಕೈಯಲ್ಲಿ ಬರೆದ ಪತ್ರವಿತ್ತು, ಆದರೂ ಎರಡು ಸಾಲು ಒಂದಕ್ಕೊಂದು ಹೊಂದದೆ ಅವನು ಸೋತ.

ಬಾಕಿಯ ವಿಷಯವೂ ಅಲ್ಲಿ ಕಾನೂನಿಗೆ ಬಂತು. ರಾಜಧನವನ್ನು ಇಂತಿಷ್ಟು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಎಂದು ಬರೆದರು. ನಮ್ಮ 1966ರ ಕಬ್ಬು ನಿಯಂತ್ರಣ ಆದೇಶದಲ್ಲೂ 14 ದಿನದೊಳಗೆ ಹಣ, ತಪ್ಪಿದರೆ ಶೇಕಡ 15ರ ಬಡ್ಡಿ ಎಂದು ಬರೆದದ್ದೇ. ಆ ಬಡ್ಡಿಯನ್ನು ಎಣಿಸಿ ಕೈಯಲ್ಲಿ ಹಿಡಿದವರು ನಿಮ್ಮೂರಿನಲ್ಲಿ ಎಷ್ಟು ಮಂದಿ? ಬರೆದರೆ ಸಾಲದು, ಬರೆದದ್ದನ್ನು ವಸೂಲಿ ಮಾಡುವ ಬಲ ಬೇಕು.

ಏಳು ಅಡಿಯ ಸ್ಪ್ರಿಂಕ್ಲರ್

ಇನ್ನೊಂದು ತೀರ್ಪು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗೇನ್ಸ್ ಜಿಲ್ಲೆಯಲ್ಲಿ ಜೋನ್ಸ್ ಎಂಬ ರೈತನಿಗೆ 635 ಎಕರೆ ಹೊಲ. ಕೆಳಗಿನ ಖನಿಜ ಅವನದಲ್ಲ. ಹೊಲದ ಮೇಲೆ ತಾನೇ ಚಲಿಸುತ್ತಾ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಹಾಕಿಸಿದ್ದ. ಏಳು ಅಡಿಗಿಂತ ಎತ್ತರದ ವಸ್ತು ಅಡ್ಡ ಬಂದರೆ ಅದು ದಾಟಲಾರದು. ಎಣ್ಣೆ ಕಂಪನಿ ಬಂದು 17 ಅಡಿ, 34 ಅಡಿ ಎತ್ತರದ ಪಂಪುಗಳನ್ನು ಹೊಲದ ನಡುವೆ ನಿಲ್ಲಿಸಿತು. ಕೆಳಗಿನ ಯಜಮಾನ ದೊಡ್ಡವನು ಎಂಬ ಹಳೆಯ ನ್ಯಾಯದ ಪ್ರಕಾರ ಅವನು ಸೋಲಲೇಬೇಕಿತ್ತು. ಆದರೆ ಅದೇ ಹೊಲದಲ್ಲಿ ಬೇರೊಂದು ಕಂಪನಿ ಪಂಪನ್ನು ನೆಲದೊಳಗೆ ಗುಂಡಿಯಲ್ಲಿ ಇಳಿಸಿ ಕೂರಿಸಿತ್ತು. ಇದನ್ನು ಅವನು ಕೋರ್ಟಿಗೆ ತೋರಿಸಿದ. ಮೇಲಿನವನು ಮೊದಲಿನಿಂದ ಮಾಡಿಕೊಂಡು ಬಂದ ಬೇಸಾಯ ಇದ್ದಾಗ, ಅದಕ್ಕೆ ಪೆಟ್ಟು ಕೊಡದೆ ಎಣ್ಣೆ ತೆಗೆಯುವ ದಾರಿ ಆ ಹೊಲದಲ್ಲೇ ಇದ್ದಾಗ, ಕಂಪನಿ ಆ ದಾರಿ ಹಿಡಿಯಬೇಕು ಎಂದು 1971ರಲ್ಲಿ ತೀರ್ಪು ಬಂತು. ಇಡೀ ರಾಜ್ಯದ ಕಾನೂನನ್ನು ಒಂದು ಹೆಜ್ಜೆ ಸರಿಸಿದ್ದು ಒಬ್ಬ ರೈತನ ಹಟ. ಅವನು ದೊಡ್ಡ ತತ್ವ ಹೇಳಲಿಲ್ಲ. ಅಳತೆ ಹೇಳಿದ.

ನಮ್ಮ ಹೊಲಕ್ಕೆ ಬಂದರೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಿಮ್ಮ ಜಮೀನಿನ ಆಳ ಎಷ್ಟು? ಕರ್ನಾಟಕ ಭೂಕಂದಾಯ ಕಾಯ್ದೆ, 1964, ಅದರ 70ನೇ ಕಲಂ ತೆಗೆದು ನೋಡಿ. ಗಣಿ ಮತ್ತು ಖನಿಜಗಳ ಹಕ್ಕು ಸರ್ಕಾರದ್ದು. ಸ್ಪೇನಿನ ರಾಜ ಟೆಕ್ಸಾಸಿನಿಂದ ಹೊರಟು ನಮ್ಮ ವಿಧಾನಸೌಧಕ್ಕೆ ಬಂದು ಕೂತ ಹಾಗಾಯಿತು! ಎಣ್ಣೆ, ಗ್ಯಾಸಿಗೆ ದೇಶದಲ್ಲಿ 1948ರ ತೈಲಕ್ಷೇತ್ರ ಕಾಯ್ದೆ ಇದೆ. 2025ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯೂ ಆಯಿತು. ಅಸ್ಸಾಮಿನಲ್ಲಿ, ಗುಜರಾತಿನಲ್ಲಿ, 2009ರಿಂದ ರಾಜಸ್ಥಾನದ ಬಾರ್ಮೇರಿನಲ್ಲಿ ನೆಲದಿಂದ ಎಣ್ಣೆ ಬರುತ್ತಿದೆ. ರಾಜಧನ ರಾಜ್ಯ ಸರ್ಕಾರದ ಬೊಕ್ಕಸಕ್ಕೆ. ರೈತನಿಗೆ ಮೇಲಿನ ಮಣ್ಣಿನ ಪರಿಹಾರ ಮಾತ್ರ.

ಖನಿಜ ಇಡೀ ನಾಡಿನ ಸೊತ್ತು, ಒಬ್ಬನ ಪಾಲಾಗಬಾರದು ಎನ್ನುವ ಮಾತಿನಲ್ಲಿ ತೂಕವಿದೆ. ಸಾಲದ ಹೊಡೆತಕ್ಕೆ ಟೆಕ್ಸಾಸಿನ ಬಡ ರೈತ ತನ್ನ ಹಕ್ಕನ್ನು ಹೇಗೆ ಮಾರಿಕೊಂಡ ಎಂದು ಆಗಲೇ ನೋಡಿದೆವು. ಆದರೆ ಟೆಕ್ಸಾಸಿನಲ್ಲೇ ಇನ್ನೊಂದು ದಾರಿಯೂ ಇದೆ. 1895ರಿಂದೀಚೆಗೆ ಆ ರಾಜ್ಯ ಶಾಲೆಗಳ ಹೆಸರಿನ ಜಮೀನುಗಳನ್ನು ಮಾರುವಾಗ ಖನಿಜವನ್ನು ತನಗೇ ಇಟ್ಟುಕೊಂಡಿತ್ತು. ಹೊಲ ಹಾಳಾಗುತ್ತದೆ, ನಮಗೆ ಕವಡೆಯಿಲ್ಲ ಎಂದು ಮೇಲಿನ ಒಡೆಯರು ತಿರುಗಿಬಿದ್ದರು. 1919ರಲ್ಲಿ ಕಾಯ್ದೆ ಬಂತು. ಖನಿಜ ರಾಜ್ಯದ್ದೇ, ಆದರೆ ಗುತ್ತಿಗೆ ಕೊಡುವ ಏಜೆಂಟು ಹೊಲದ ಒಡೆಯ, ಬಂದದ್ದರಲ್ಲಿ ಅವನಿಗೆ ಅರ್ಧ, ರಾಜ್ಯಕ್ಕೆ ಅರ್ಧ ಎಂಬ ಪದ್ಧತಿ ನಿಂತಿತು. ಸೊತ್ತು ನಾಡಿನದಾಗಿದ್ದೂ ರೈತನಿಗೆ ಪಾಲು ಕೊಡಲು ಸಾಧ್ಯವಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ರಾಜ್ಯದಲ್ಲಿ ಎಣ್ಣೆ ಬಾವಿ ಇಲ್ಲ, ನಮಗ್ಯಾಕೆ ಎನ್ನಬೇಡಿ. ಬಾವಿ ಇಲ್ಲದಿದ್ದರೂ ಕೊಳವೆ ಬಂದಿದೆ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಎಣ್ಣೆಯ ಕೊಳವೆ, ದಾಭೋಲಿನಿಂದ ಬೆಂಗಳೂರಿಗೆ 2013ರಲ್ಲಿ ಗ್ಯಾಸಿನ ಕೊಳವೆ, ಕೊಚ್ಚಿಯಿಂದ ಮಂಗಳೂರಿಗೆ 2021ರ ಜನವರಿಯಲ್ಲಿ ಇನ್ನೊಂದು. ಇವೆಲ್ಲ ಹೋಗಿರುವುದು ಯಾರ ಹೊಲದಲ್ಲಿ? ಇದಕ್ಕೆ ಇರುವ ಕಾನೂನು 1962ರ ಪೆಟ್ರೋಲಿಯಂ ಕೊಳವೆ ಕಾಯ್ದೆ. ಜಮೀನು ನಿಮ್ಮ ಹೆಸರಿನಲ್ಲೇ ಇರುತ್ತದೆ, ಕಂದಾಯ ನೀವೇ ಕಟ್ಟಬೇಕು, ಬಳಕೆಯ ಹಕ್ಕು ಮಾತ್ರ ಅವರದು. ಆ ಪಟ್ಟಿಯಲ್ಲಿ ಉತ್ತು ಬಿತ್ತಬಹುದು. ಆದರೆ ಮನೆ ಕಟ್ಟುವಂತಿಲ್ಲ, ಬಾವಿ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು ಅಡಿಕೆ ನಂಬಿದವನ ಗತಿ ಏನು? ಕೆಲಸದ ವೇಳೆ ಆದ ಬೆಳೆ ನಷ್ಟದ ಜೊತೆಗೆ, ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇಕಡ 10. ಒಂದೇ ಸಲ. ಆಮೇಲೆ ಆ ಕೊಳವೆಯಲ್ಲಿ ಎಷ್ಟು ಕೋಟಿ ಹರಿದರೂ ನಿಮಗೆ ಸಂಬಂಧವಿಲ್ಲ.

ಇದನ್ನು ಓದಿ ಸುಮ್ಮನೆ ಮಡಿಚಿಡಬೇಡಿ. ಅಧಿಸೂಚನೆ ಬಂದ 21 ದಿನದೊಳಗೆ ಬರಹದಲ್ಲಿ ಆಕ್ಷೇಪಣೆ ಹಾಕುವ ಹಕ್ಕು ಆ ಕಾಯ್ದೆಯಲ್ಲೇ ಇದೆ. ಪರಿಹಾರ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುವ ಹಕ್ಕೂ ಇದೆ. 22ನೇ ದಿನ ತಾಲ್ಲೂಕು ಕಚೇರಿ ಮುಂದೆ ಕೂಗಿದರೆ ಯಾರೂ ಕೇಳುವುದಿಲ್ಲ. ನೋಟೀಸು ಬಂದರೆ ಒಬ್ಬನೇ ಹೋಗಬೇಡಿ, ಊರು ಸೇರಿ ಹೋಗಿ. ಹೆಬ್ಬೆಟ್ಟು ಒತ್ತುವ ಮುಂಚೆ ಕಾಗದವನ್ನು ಓದಿಸಿ ಕೇಳಿ. ನಿಮ್ಮ ತೆಂಗಿನ ಮರ ಎಷ್ಟು, ನೀರಿನ ಪೈಪು ಎಲ್ಲಿ, ಬದು ಎಲ್ಲಿ ಎಂಬುದನ್ನು ಜೋನ್ಸನ ಹಾಗೆ ಅಡಿ ಅಂಗುಲದ ಲೆಕ್ಕದಲ್ಲಿ ಬರೆದಿಡಿ.

ನಮ್ಮ ಬೇಡಿಕೆಯೂ ಸ್ಪಷ್ಟವಿರಲಿ. ಕೊಳವೆ ಇರುವಷ್ಟು ವರ್ಷ ಹೊಲದ ಒಡೆಯನಿಗೆ ವರ್ಷ ವರ್ಷ ಬಾಡಿಗೆ ಕೊಡಬೇಕು, 1962ರ ಶೇಕಡ 10 ಹೋಗಬೇಕು. ನೆಲದಿಂದ ಖನಿಜ ತೆಗೆದರೆ ರಾಜಧನದಲ್ಲಿ ಆ ನೆಲದವನಿಗೆ ಪಾಲು ಬೇಕು. ಎಣ್ಣೆಗೆ ಬೆಲೆ ಕಾಯುವ ಕಾನೂನು ಬರೆಯಲು ಆಗಿದ್ದರೆ, ರಾಗಿಗೂ ಭತ್ತಕ್ಕೂ ಅದಕ್ಕೆ ತಕ್ಕ ಕಾನೂನು ಬರೆಯಲು ಆಗಬೇಕು.

1891ರಲ್ಲಿ ಆ ಕಮಿಷನ್ ಕಟ್ಟಿಸಿದ ಹತ್ತಿ ಬೆಳೆಗಾರರು ಯಾರ ಹತ್ತಿರವೂ ದಯೆ ಬೇಡಲಿಲ್ಲ. ಓಟು ಎಣಿಸಿ ಕೆಲಸ ಮಾಡಿಸಿದರು. ಆಮೇಲೆ ಅವರು ಮನೆಗೆ ಹೋದರು, ಅವರು ಕಟ್ಟಿದ ಮನೆಯೊಳಗೆ ಎಣ್ಣೆ ಕಂಪನಿಗಳು ಬಂದು ಕೂತವು. ಕಾನೂನು ಬರೆಸುವುದು ಅರ್ಧ ಕೆಲಸ. ಬರೆಸಿದ ಮೇಲೆ ಅಲ್ಲಿಂದ ಏಳದೇ ಇರುವುದು ಉಳಿದ ಅರ್ಧ. ಅವರು ಬಿಟ್ಟ ಆ ಅರ್ಧವನ್ನು ನಾವು ಬಿಡಬಾರದು.